ಅರ್ಧ ಹಾಡಿನ ಮೇಲೊಂದು ಪ್ರಸಂಗ

ಸಿನಿಮಾ ಹಾಡಿನಲ್ಲಿ ಯೇಸುವನ್ನು ಹುಡುಕುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹುಡುಕಿದರೆ ಸಿಗುತ್ತಾನೆ, ಅದೇ ನನ್ನ ತಕರಾರು. ಸೋಪಿನ ಜಾಹೀರಾತಿನಲ್ಲಿ ಹುಡುಕಿದರೂ ಸಿಗುತ್ತಾನೆ: ಕೊಳೆ ತೊಳೆಯುವವನು, ತಾನು ಕರಗಿ ಪರಿಮಳ ಉಳಿಸುವವನು. ಎಲ್ಲಿ ಕೈ ಹಾಕಿದರೂ ಸಿಗುವ ಅರ್ಥ ಅರ್ಥವೇ ಅಲ್ಲ ಎಂಬುದನ್ನು ಚಿಕ್ಕಮಗಳೂರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ. ಕಲಿತದ್ದನ್ನು ನಮ್ಮ ಎಸ್ಟೇಟಿನಲ್ಲೇ ಪ್ರಯೋಗಿಸಿದ್ದು ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲದಲ್ಲಿ.

ಮೂಡಿಗೆರೆಯಿಂದ ಒಳಗೆ, ದೇವರಮನೆ ಗುಡ್ಡದ ಕೆಳಗಿನ ಎಸ್ಟೇಟು ಅದು. ಫಾದರ್ ತಿಂಗಳಿಗೊಮ್ಮೆ ಬರುತ್ತಿದ್ದರು, ಮಳೆ ಹಿಡಿದರೆ ಅದೂ ಇಲ್ಲ. ಉಳಿದ ಭಾನುವಾರಗಳೆಲ್ಲ ಆಳುಗಳ ಹಾಜರಿ ಬರೆಯುವ ರೈಟರ ಕೈಯಲ್ಲಿ. ತಗಡಿನ ಮಾಡಿನ ಪ್ರಾರ್ಥನಾಲಯದಲ್ಲಿ ಜಪಸರ ಮುಗಿಸಿ ಅವರು ಒಂದು ನೋಟುಬುಕ್ಕು ತೆಗೆಯುತ್ತಿದ್ದರು. ರೇಡಿಯೋದಲ್ಲಿ ಶ್ರೋತೃಗಳ ಕೋರಿಕೆಗೆ ಹಾಕುವ ಚಿತ್ರಗೀತೆಗಳನ್ನು ಕೇಳುತ್ತ ಕೇಳುತ್ತ ಬರೆದಿಟ್ಟ ಪುಸ್ತಕ. ಒಂದೊಂದು ಹಾಡು ಹಾಡಿ ಅದರ ಮೇಲೆ ಪ್ರಸಂಗ, ಅಂದರೆ ಬೋಧನೆ: ನಾಯಕಿ ಕಾದರೆ ಅವಳು ಕ್ರಿಸ್ತನ ದಾರಿ ಕಾಯುವ ಧರ್ಮಸಭೆ. ಗೆಳೆಯ ಕೈಕೊಟ್ಟರೆ ಅವನು ಯೂದ. ನಾವು ಕೂಲಿಯವರು ಇದ್ದ ಲೈನ್ ಮನೆಗಳ ಹೆಂಗಸರು ತಲೆಯ ಸೆರಗಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರಲ್ಲಿ ನನ್ನ ಅಮ್ಮನೂ ಇದ್ದಳು. ಹಿಂದಿನ ವರ್ಷ ಮರಗಸಿಯ ಹೊತ್ತಿನಲ್ಲಿ, ಅಂದರೆ ಮಳೆಗೆ ಮುಂಚೆ ಕಾಫಿಯ ನೆರಳಿನ ಮರ ಹತ್ತಿ ಕೊಂಬೆ ಕಡಿಯುವಾಗ, ಅಣ್ಣ ಬಿದ್ದು ಸತ್ತಿದ್ದ. ಮಣ್ಣು ಮಾಡಿದ ದಿನ ಫಾದರ್ ದೇವರ ಚಿತ್ತ ಎಂದರು. ಅವತ್ತಿನಿಂದ ಅಮ್ಮ ಪ್ರಾರ್ಥನೆಗೆ ಕಾಲಿಡಲಿಲ್ಲ, ಯಾರ ಮನೆಗೂ ಹೋಗಲಿಲ್ಲ, ನನ್ನೊಡನೆಯೂ ಅಗತ್ಯಕ್ಕಷ್ಟೇ ಮಾತು. ಅವಳನ್ನು ಮತ್ತೆ ಮನೆಯಿಂದ ಎಬ್ಬಿಸಿದ್ದು ಪ್ರಾರ್ಥನಾಲಯದಿಂದ ಕೇಳಿಬಂದ ರೈಟರ ಒಂದು ಹಾಡು. ಹೊಳೆಯಾಚೆ ಹೋದವನು ಮಾತು ಕೊಟ್ಟಿದ್ದಾನೆ, ಬಂದೇ ಬರುತ್ತಾನೆ ಎಂದು ದಡದಲ್ಲಿ ನಿಂತವಳು ಹಾಡುವುದು. ಇದು ಪ್ರಭುವಿನ ಪುನರಾಗಮನ ಎಂದಿದ್ದರಂತೆ ರೈಟರು. ನಾನು ರಜೆಗೆ ಬಂದಾಗ ಅಮ್ಮ ಒಲೆಯ ಮುಂದೆ ಅದನ್ನೇ ಗುನುಗುತ್ತಿದ್ದಳು. ಸಂತೋಷಪಡಬೇಕಿತ್ತು. ಆದರೆ ಆ ಸಿನಿಮಾ ನಾನು ಚಿಕ್ಕಮಗಳೂರಿನ ಟಾಕೀಸಿನಲ್ಲಿ ಎರಡು ಸಲ ನೋಡಿದ್ದೆ. ನನ್ನ ಅಮ್ಮನಿಗೆ ಇಂಥ ಮೋಸವೇ ಎಂದು ಮೈ ಉರಿಯಿತು.

ಭಾನುವಾರ ಅದೇ ಹಾಡು ಬಂತು. ನಾನು ಎದ್ದು ನಿಂತೆ.

"ರೈಟರೇ, ಈ ಬರೋನು ಯೇಸುವೇ?"

"ಹೌದು ಮಾರಾಯ. ಕಾಲೇಜಲ್ಲಿ ಬೇರೆ ಯಾರೋ ಅಂತ ಹೇಳಿಕೊಟ್ರಾ?"

"ಹಾಗಾದ್ರೆ ಎರಡನೇ ಚರಣ ಓದಿ."

ಅವರು ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

"ಬೇಡ ಬಿಡಿ, ನಾನೇ ಹೇಳ್ತೀನಿ. ಅವನ ಮೀಸೆ ಚುಚ್ಚಿದ್ದು ಕೆನ್ನೆ ಮೇಲೆ ಇನ್ನೂ ಉರೀತಿದೆ ಅಂತಾಳೆ. ಇದು ಯಾರ ಸುವಾರ್ತೆ? ಮತ್ತಾಯಂದಾ, ಲೂಕಂದಾ?"

"ಪೇತ್ರನ ಮೀಸೆ ಇರ್ಬೇಕು!" ಎಂದು ಹಿಂದಿನಿಂದ ಯಾರೋ ಕೂಗಿದರು. ಗಂಡಸರ ಸಾಲು ಪೂರ್ತಿ ನಕ್ಕಿತು.

ರೈಟರು ನೋಟುಬುಕ್ಕು ಮುಚ್ಚಿದರು. "ಎರಡನೇ ಚರಣ ನಂಗೆ ಗೊತ್ತಿಲ್ಲ. ಈ ಗುಡ್ಡದ ಸಂದೀಲಿ ಸ್ಟೇಷನ್ನು ಪೂರ್ತಿ ಹಿಡಿಯಲ್ಲ. ಟೆಂಟು ಸಿನಿಮಾ ಮಳೆಗಾಲದಲ್ಲಿ ಬರಲ್ಲ. ಪ್ರತಿ ಸಲಾನೂ ಒಂದು ಚರಣ ಕೇಳ್ತದೆ, ಆಮೇಲೆ ಗೊರ್ ಅಂತದೆ."

"ಅರ್ಧ ಹಾಡು ಕೇಳಿ ಇವ್ರಿಗೆಲ್ಲ ಪೂರ್ತಿ ದೇವರನ್ನ ಕೊಡ್ತಿದ್ರಾ?"

ಅವರು ನೋಟುಬುಕ್ಕನ್ನು ಕಂಕುಳಿಗೆ ಸೇರಿಸಿ ಕೊಡೆ ಹುಡುಕತೊಡಗಿದರು. ಅಷ್ಟು ಸುಲಭದ ಗೆಲುವು ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಅಮ್ಮ ಮಳೆಗೆ ಕಂಬಳಿಕೊಪ್ಪೆ ಹೊದ್ದು ಮುಂದೆ ಮುಂದೆ ನಡೆದಳು. ಓಡಿ ಹೋಗಿ ಜೊತೆಯಾದೆ.

"ಯೇಸು ಬರಲ್ಲ ಅಂತ ನಾನು ಹೇಳಿಲ್ಲಮ್ಮ. ಆ ಹಾಡಲ್ಲಿ ಇಲ್ಲ ಅಂದೆ, ಅಷ್ಟೆ."

"ಯೇಸು ಬರ್ಲಿ, ಬಿಡ್ಲಿ. ನಾನು ಅಲ್ಲಿ ಕೂತು ಯಾರಿಗೆ ಕಾಯ್ತಿದ್ದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

ಆಗ ಗೊತ್ತಾಯಿತು. ಗೊತ್ತಾದ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಣ್ಣ ಬರಲ್ಲಮ್ಮ."

"ಅದನ್ನ ಹೇಳಕ್ಕೆ ಕಾಲೇಜಿಗೆ ಹೋಗ್ಬೇಕಿತ್ತಾ ನೀನು? ಅವನ ಮೈ ತೊಳೆದೋಳು ನಾನು."

ಇಷ್ಟಾಯಿತೆಂದು ರೈಟರನ್ನು ಮನ್ನಿಸಲು ನಾನು ತಯಾರಿಲ್ಲ. ಸತ್ತ ಮಗನಿಗಾಗಿ ಅಳುವವಳನ್ನು ಎದುರಿಗೆ ಕೂರಿಸಿಕೊಂಡು, ಅವಳಿಗೆ ನಂಬಿಕೆ ಮರಳಿತೆಂದು ಹಿಗ್ಗಿದ ಮನುಷ್ಯ ಅವರು. ಯಾಕೆ ಅಳುತ್ತೀ ಎಂದು ಒಂದು ಮಾತು ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಎದುರಾಳಿ ಇದನ್ನು ಎತ್ತಿದರೆ ನನಗೆ ಸೋಲೇ.

ಮುಂದಿನ ಭಾನುವಾರ ಅಮ್ಮ ಹೊರಡಲಿಲ್ಲ. ಪ್ರಾರ್ಥನೆಯ ಹೊತ್ತು ಮೀರುವಾಗ ರೈಟರೇ ಕೊಡೆ ಹಿಡಿದು ನಮ್ಮ ಲೈನಿಗೆ ಬಂದರು. ಅವರನ್ನು ಒಳಗೆ ಬಿಡಬಾರದೆಂದು ನಾನು ಸೂರಿನಡಿ ಇಳಿದು ಅಡ್ಡ ನಿಂತೆ. ಅವರು ನನ್ನ ಹೆಗಲ ಮೇಲಿಂದಲೇ ಮಾತಾಡಿದರು.

"ಬನ್ನಿ ಅಕ್ಕ. ಇವತ್ತು ಹಾಡು ಗೀಡು ಏನಿಲ್ಲ, ಬರೀ ಜಪಸರ."

ಅಮ್ಮ ಹೊಸ್ತಿಲಿಗೆ ಬಂದಳು. "ಹಾಡಿಲ್ದಿದ್ರೆ ನಾನ್ಯಾಕೆ ಬರ್ಲಿ?"

ಎಂದವಳೇ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ಹೊರಗೇ ಇದ್ದೆವು.