ನಾಲ್ಕು ಬೈಟಿನ ಮಡಿಕೆ

ಕಚೇರಿಯಲ್ಲಿ ಆಕೆಗೆ ‘ಅಳತೆಗೋಲು’ ಎಂದು ಹೆಸರು. ಬೆನ್ನ ಹಿಂದೆ ಕರೆಯುವುದು ಆಕೆಯ ಕಿವಿಗೂ ಬಿದ್ದಿತ್ತು. ಕೋಲು ಎಷ್ಟುದ್ದ ಎಂದು ಹೇಳದೆ ಎಂಥ ಹೆಸರು ಎಂಬುದೊಂದೇ ಆಕೆಯ ತಕರಾರು.

ಮನೆಯಲ್ಲೂ ಅದೇ ಕಥೆ. ಗಂಡ ಶಾಲೆಯಲ್ಲಿ ಚಿತ್ರ ಕಲಿಸುವವನು. ಅವನ ಪ್ರಪಂಚವೆಲ್ಲ ಕಣ್ಣಂದಾಜು.

“ಸ್ವಲ್ಪ ಉಪ್ಪು ಹಾಕೇ.”

“ಸ್ವಲ್ಪ ಅಂದ್ರೆ ಎಷ್ಟ್ರೀ?”

“ಸ್ವಲ್ಪ ಅಂದ್ರೆ ಸ್ವಲ್ಪ ಕಣೇ. ಮದುವೆಯಾದಾಗಿಂದ ಇದೇ ಉತ್ತರ ಬರೀತಿದ್ದೀನಿ, ಒಂದ್ಸಲನಾದ್ರೂ ಪಾಸ್ ಮಾಡು.”

ಆಕೆಯ ಕಂಪನಿ ಬಸ್ಸಿನ ಟಿಕೆಟ್ ಯಂತ್ರಗಳನ್ನು ಮಾಡುತ್ತಿತ್ತು. ಯಂತ್ರದೊಳಗೆ ಉಳಿದೆಲ್ಲ ಪ್ರೋಗ್ರಾಮುಗಳನ್ನು ಹೊತ್ತು ನಿಂತ ತಳದ ತಂತ್ರಾಂಶ, ಅಂದರೆ ಕರ್ನಲ್, ಆಕೆಯ ಹೊಣೆ. ಟಿಕೆಟಿನ ಸಂಖ್ಯೆ, ಕೊಟ್ಟ ವೇಳೆ, ಇವೆರಡನ್ನೂ ಕರ್ನಲ್ಲು ಅಕ್ಕಪಕ್ಕದ ಎರಡು ಖಾನೆಗಳಲ್ಲಿಟ್ಟು ಮೇಲಿನ ಪ್ರೋಗ್ರಾಮಿಗೆ ಒಪ್ಪಿಸಬೇಕು. ಖಾನೆಗಳ ಅಳತೆ ಒಮ್ಮೆ ಹೊರಬಿದ್ದರೆ ಮುಗಿಯಿತು, ಮತ್ತೆ ಬದಲಿಸುವಂತಿಲ್ಲ. ಊರೂರಿನ ಬಸ್ಸುಗಳಲ್ಲಿ ಪ್ರೋಗ್ರಾಮುಗಳು ಅದನ್ನೇ ನಂಬಿ ಕೂತಿರುತ್ತವೆ.

ಆಕೆಯ ಮೇಲಿನ ಸಾಹೇಬ ಆಕೆಗಿಂತ ಹದಿನೈದು ವರ್ಷ ಚಿಕ್ಕವನು. ಎರಡೂ ಖಾನೆಗೆ ಅಳತೆಯ ಜಾಗದಲ್ಲಿ ‘ಲಾಂಗ್’ ಎಂದಷ್ಟೇ ಬರೆದಿದ್ದ. ಲಾಂಗ್ ಎಂಬುದಕ್ಕೆ ಹಳೆಯ ಯಂತ್ರದಲ್ಲಿ ನಾಲ್ಕು ಬೈಟ್ ಜಾಗ, ಹೊಸದರಲ್ಲಿ ಎಂಟು. ಹಳೆಯ ಯಂತ್ರಕ್ಕೆಂದು ಬರೆದ ಪ್ರೋಗ್ರಾಮನ್ನು ಹೊಸದಕ್ಕೆ ಹಾಕಿದರೆ, ಅದು ವೇಳೆ ಓದಲು ಹೋಗಿ ಸಂಖ್ಯೆಯ ಬಾಲ ಓದುತ್ತದೆ.

“ಮೇಡಂ, ನನ್ನ ಮೇಜಿನ ಮೇಲೆ ಸರಿಯಾಗೇ ಓಡ್ತಿದೆ.”

“ನಿಮ್ಮ ಮೇಜಿಗೆ ಬಸ್ ಬರಲ್ಲಪ್ಪ.”

ಎಲ್ಲರೆದುರು ‘ಲಾಂಗ್’ ಹೊಡೆದುಹಾಕಿಸಿ, ಸಂಖ್ಯೆಗೆ ಮೂವತ್ತೆರಡು ಬಿಟ್, ಅಂದರೆ ನಾಲ್ಕು ಬೈಟ್, ವೇಳೆಗೆ ಅರವತ್ತನಾಲ್ಕು, ಅಂದರೆ ಎಂಟು ಬೈಟ್, ಯಂತ್ರ ಯಾವುದಾದರೂ ಅಷ್ಟೇ, ಎಂದು ಬರೆಸಿದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. “ಇದ್ರಲ್ಲಿ ಒಂದು ತಪ್ಪು ತೋರ್ಸಿ, ಅವತ್ತಿಂದ ನಾನು ಅಳತೆ ಮಾತೇ ಎತ್ತಲ್ಲ,” ಎಂದೂ ಸೇರಿಸಿದಳು.

ಕರ್ನಲ್ಲಿನ ಬಿಡುಗಡೆಯ ದಿನ ಬೆಳಿಗ್ಗೆ ದರ್ಜಿ ಬಾಗಿಲಿನ ಪರದೆ ತಂದ. ಗಂಡ ಏಣಿ ಹತ್ತಿ ತೂಗುಹಾಕಿದ. ಪರದೆ ನೆಲ ಮುಟ್ಟದೆ ಗೇಣುದ್ದ ಮೇಲೇ ಕಾಲೆತ್ತಿಕೊಂಡಿತು.

“ಮೋಟು ಪರದೆ! ನಮ್ಮ ಮನೆ ಅಳತೆಗೋಲಿನ ಕೃಪೆ.”

“ಸೆಂಟಿಮೀಟರಲ್ಲೇ ಹೇಳಿದ್ದೆ ರೀ!”

“ಅಷ್ಟೇ ಕತ್ತರಿಸಿದ್ದೀನಮ್ಮ,” ಎಂದ ದರ್ಜಿ. “ಮೇಲೂ ಕೆಳಗೂ ಮಡಿಚಿ ಹೊಲೀಬೇಕಲ್ಲ? ಮಡಿಕೆ ಆ ಅಳತೆಯೊಳಗೋ ಹೊರಗೋ ಅಂತ ನೀವು ಹೇಳ್ಲಿಲ್ಲ. ಬೇರೆಯವ್ರು ಹೊರಗೆ ಬಿಡ್ತಾರೆ, ನಂದು ಒಳಗೇ.”

ಬೈಯಲು ಹೊರಟವಳಿಗೆ ಕಚೇರಿಯ ಖಾನೆಗಳು ನೆನಪಾದವು. ನಾಲ್ಕು ಬೈಟಿನ ಸಂಖ್ಯೆ, ಅದರ ಪಕ್ಕ ಎಂಟು ಬೈಟಿನ ವೇಳೆ. ಹಳೆಯ ಯಂತ್ರ ಎರಡನ್ನೂ ಒತ್ತಿಟ್ಟು ಹನ್ನೆರಡರಲ್ಲಿ ಮುಗಿಸುತ್ತದೆ. ಹೊಸದಕ್ಕೆ ಶಿಸ್ತು ಹೆಚ್ಚು: ಎಂಟು ಬೈಟಿನದು ಎಂಟರ ಗಡಿಯಿಂದಲೇ ಶುರುವಾಗಬೇಕೆಂದು ನಡುವೆ ತಾನೇ ನಾಲ್ಕು ಬೈಟ್ ಖಾಲಿ ಬಿಟ್ಟು, ಹದಿನಾರು ಮಾಡುತ್ತದೆ. ಖಾನೆಗಳ ಅಳತೆ ಕೊಟ್ಟಿದ್ದಳು. ನಡುವಿನ ಜಾಗದ ಮಾತು ಆಡಿರಲಿಲ್ಲ.

“ರೀ, ಕೆಟ್ಟೆ!”

“ಒಂದು ಪರದೆಗೆ ಇಷ್ಟೊಂದಾ?”

“ಪರದೆ ಮನೆ ಹಾಳಾಗ್ಲಿ!”

ಕಚೇರಿಯ ದಾರಿಯುದ್ದಕ್ಕೂ ಇನ್ನೊಂದು ಯೋಚನೆ ಬೆನ್ನು ಬಿಡಲಿಲ್ಲ: ಬಾಯಿ ಮುಚ್ಚಿಕೊಂಡರೆ ಮಾನ ಉಳಿಯುತ್ತದೆ. ಸಾಹೇಬನಿಗಂತೂ ಇದು ಈ ಜನ್ಮದಲ್ಲಿ ಹೊಳೆಯುವುದಿಲ್ಲ. ಆದರೆ ಬಸ್ಸಿಗೆ ಹೊಳೆಯುತ್ತದೆ.

ಆಕೆ ಒಳಗೆ ಬಂದಾಗ ಸಾಹೇಬ ಬಿಡುಗಡೆಯ ಗುಂಡಿಗೆ ಬೆರಳು ಚಾಚಿದ್ದ.

“ತಡೀರಿ. ನನ್ನ ಅಳತೇಲಿ ತಪ್ಪಿದೆ.”

ಯಾರೋ ಕೆಮ್ಮಿದರು. ಆಕೆ ಬಿಳಿ ಹಲಗೆಯ ಮೇಲೆ ಬರೆದು ವಿವರಿಸಿದಳು. ಸಾಹೇಬನ ಮುಖ ಊರಗಲವಾಯಿತು.

“ಅಂದ್ರೆ ಮೇಡಂ, ಇನ್ಮೇಲೆ ಅಳತೆ ಮಾತು...”

“ಎತ್ತಲ್ಲ. ಮಾತು ಕೊಟ್ಟಾಯ್ತಲ್ಲ.”

“ಸರಿಮಾಡೋಕೆ ಎಷ್ಟು ಹೊತ್ತು ಬೇಕು?”

ಆಕೆ ಹಲ್ಲು ಕಚ್ಚಿದಳು. “ಸ್ವಲ್ಪ.”

“ಸ್ವಲ್ಪ ಅಂದ್ರೆ ಎಷ್ಟು ಮೇಡಂ?”

ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಆಕೆ ತಲೆಯೆತ್ತದೆ, ಎರಡು ಖಾನೆಗಳ ನಡುವೆ ನಾಲ್ಕು ಬೈಟಿನ ಖಾಲಿ ಖಾನೆಯೊಂದನ್ನು ಹೆಸರಿಟ್ಟು ಕೂರಿಸಿ, ಅದರಲ್ಲಿ ಸೊನ್ನೆಯೇ ಇರಬೇಕೆಂದು ಬರೆದು, ಎರಡೂ ಯಂತ್ರಗಳಲ್ಲಿ ಹದಿನಾರೇ ಬಂದದ್ದನ್ನು ಕಂಡ ಮೇಲೆ ಎದ್ದಳು. ಮಧ್ಯಾಹ್ನ ಬಿಡುಗಡೆಯಾಯಿತು.

ಸಂಜೆ ಮನೆಗೆ ಬಂದರೆ, ಗಂಡ ಪರದೆಯ ಬುಡಕ್ಕೆ ಕೆಂಪು ಬಟ್ಟೆಯ ಪಟ್ಟಿ ಹೊಲಿದು ಕಾಯುತ್ತ ನಿಂತಿದ್ದ. ಒಂದು ಕಡೆ ನೆಲ ಗುಡಿಸುತ್ತಿತ್ತು, ಇನ್ನೊಂದು ಕಡೆ ಇನ್ನೂ ಬೆರಳಗಲ ಸಾಲದು.

“ಸುಮಾರಾಗಿ ಸರಿಹೋಯ್ತಲ್ವೇನೇ?”

ತುದಿನಾಲಗೆಗೆ ಬಂದದ್ದನ್ನು ಆಕೆ ನುಂಗಿಕೊಂಡಳು.

“ಹೋಯ್ತು ಬಿಡಿ.”

ಗಂಡ ಗಾಬರಿಯಾಗಿ ಆಕೆಯ ಹಣೆ ಮುಟ್ಟಿ ನೋಡಿದ.