ಕುಂತು ಮಾಡುವ ಕೆಲಸ

ಮುಂಬೈಗೆ ಬಂದ ಎರಡನೆಯ ದಿನ ನಾನು ಕಂಡದ್ದನ್ನು ಹೇಳಿದರೆ ನಮ್ಮೂರಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಮುಲುಂಡಿನ ಇಪ್ಪತ್ತೆರಡು ಮಹಡಿಯ ಕಟ್ಟಡವೊಂದರಲ್ಲಿ ನನಗೆ ಲಿಫ್ಟ್ ನಡೆಸುವ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳಕ್ಕೆ ದಪ್ಪ ಬೂಟು ಹಾಕಿಕೊಂಡ ಗಂಡಸೊಬ್ಬ ಒಳಗೆ ಬಂದು "ಚೌಥಾ" ಅಂದ. ನಾಲ್ಕನೆಯದು. ಅಲ್ಲಿ ಬಾಗಿಲು ತೆರೆದಾಗ ಎದುರಿಗೆ ಗಾಜಿನ ಕೋಣೆ. ಒಳಗೆ ಏಳೆಂಟು ಜನ ಸಾಲಾಗಿ ಓಡುತ್ತಿದ್ದರು. ಕಾಲ ಕೆಳಗಿನ ಕರಿ ಪಟ್ಟಿ ಹಿಂದಕ್ಕೆ ಸರಿಯುತ್ತಿತ್ತು, ಇವರು ಮುಂದಕ್ಕೆ ಓಡುತ್ತಿದ್ದರು, ಇದ್ದಲ್ಲೇ ಇದ್ದರು. ಹಿಂದೆ ನಾಯಿಯಿಲ್ಲ, ಮುಂದೆ ಬಸ್ಸಿಲ್ಲ. ಒಂದು ತಾಸು ಬಿಟ್ಟು ಅದೇ ಮನುಷ್ಯ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು, ನನ್ನ ಲಿಫ್ಟಿನಲ್ಲೇ ಆರನೆಯ ಮಹಡಿಯ ತನ್ನ ಮನೆಗೆ ಹೋದ. ನಾಲ್ಕರಿಂದ ಆರಕ್ಕೆ. ಮೆಟ್ಟಿಲು ಪಕ್ಕದಲ್ಲೇ ಇತ್ತು.

ನಾನು ಮನಸ್ಸಿನಲ್ಲೇ ನಕ್ಕೆ. ಆ ನಗುವಿಗೆ ಈಗ ಹನ್ನೊಂದು ವರ್ಷ.

ನಮ್ಮೂರು ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ರಸ್ತೆಯಲ್ಲಿದೆ. ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹಗರಿಬೊಮ್ಮನಹಳ್ಳಿ ದಾಟಿ, ಹಡಗಲಿ ಕಡೆಯ ಹೊಳೆಯ ದಂಡೆಯವರೆಗೆ ಹೋಗುತ್ತಿದ್ದೆವು. ದಾರಿಯಲ್ಲಿ ರೈತರು ಕರೆದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದೆವು. ಅಪ್ಪ, ಅಕ್ಕ ಗಾಳೆವ್ವ, ನಾನು. ನಡಿಗೆ ಅನ್ನುವುದಕ್ಕೆ ನಮ್ಮಲ್ಲಿ ಬೇರೆ ಹೆಸರೇ ಇರಲಿಲ್ಲ. ಬದುಕು ಅಂದರೆ ಅದೇ ಆಗಿತ್ತು. ಅಪ್ಪನ ಹಿಮ್ಮಡಿಯ ಬಿರುಕಿನಲ್ಲಿ ಜಾಲಿ ಮುಳ್ಳು ಮುರಿದು ಉಳಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಸಂಜೆ ಕಂಬಳಿ ಹಾಸಿ ಕೂತಾಗ ತನ್ನ ಪಾದಗಳನ್ನು ಒತ್ತಿಕೊಳ್ಳುತ್ತ ಅವನು ಒಂದೇ ಮಾತು ಹೇಳುತ್ತಿದ್ದ: "ಕೊಟ್ರಾ, ನೀನಾರ ಓದಿ ನೆಳ್ಳಾಗ ಕುಂತು ಮಾಡೋ ಕೆಲಸ ಹಿಡೀಲೇ. ನಮ್ಮ ವಂಶದಾಗ ಒಬ್ಬಾನರ ಕುಂದ್ರಲಿ."

ನಾನು ಹತ್ತನೆಯ ತರಗತಿ ಪಾಸಾದೆ. ಅಕ್ಕ ಎರಡನೆಯದನ್ನೂ ಮುಗಿಸಲಿಲ್ಲ. ಮದುವೆಯಾದ ಮೂರನೆಯ ವರ್ಷ ಗಂಡ ತೀರಿಕೊಂಡು ಅವಳು ತವರಿಗೆ ಬಂದಳು, ಬಂದ ಮರುದಿನವೇ ಕೋಲು ಹಿಡಿದು ಕುರಿಯ ಹಿಂದೆ ಹೋದಳು. ಅಪ್ಪ ಹೋದ ಮೇಲೆ ಹಿಂಡು ಅವಳ ಕೈಗೇ ಉಳಿಯಿತು. ನಾನು ಕೊಟ್ಟೂರಲ್ಲಿ ಅಂಗಡಿ ಕೆಲಸ, ಕೂಡ್ಲಿಗಿಯಲ್ಲಿ ಗೋದಾಮಿನ ಕೆಲಸ ಮಾಡಿ ಸಾಕಾಗಿದ್ದಾಗ, ಹರಪನಹಳ್ಳಿಯ ಲಿಫ್ಟ್ ಮೆಕ್ಯಾನಿಕ್ ಮಾಬುಸಾಬ್ ಈ ಕೆಲಸದ ಸುದ್ದಿ ತಂದರು. "ಸ್ಟೂಲ್ ಮ್ಯಾಲೆ ಕುಂತು ಗುಂಡಿ ಒತ್ತೋದು, ಅಷ್ಟೇ ನೋಡ್ರಿ" ಅಂದರು. ಅದನ್ನು ಕೇಳಿ ಅಕ್ಕನ ಕಣ್ಣಲ್ಲಿ ನೀರು ಬಂತು. ಅಪ್ಪ ಬೇಡಿಕೊಂಡದ್ದು ಸಿಕ್ಕಿತಲ್ಲ ಎಂದು.

ಹೆಂಡತಿ ರತ್ನಳನ್ನು ಕರೆದುಕೊಂಡು ಬಂದೆ. ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಸಿಕ್ಕಿತು. ಇಲ್ಲಿ ಬಾಡಿಗೆ ಕೋಣೆಗೆ ಹಾಗೆನ್ನುತ್ತಾರೆ. ಊರಲ್ಲಿ ಮರಿಗಳನ್ನು ಕೂಡಿಹಾಕುವ ಜಾಗ ಅದಕ್ಕಿಂತ ದೊಡ್ಡದಿತ್ತು. ಬಾಗಿಲು ತೆಗೆದರೆ ಎದುರು ಮನೆಯವರ ಒಲೆ ಕಾಣುತ್ತಿತ್ತು. ರತ್ನ ನಾಲ್ಕು ಮನೆಗಳ ಅಡಿಗೆಗೆ ಹೋಗತೊಡಗಿದಳು. ಭಾಷೆಯನ್ನು ನನಗಿಂತ ಬೇಗ ಅವಳೇ ಕಲಿತಳು. ಅಡಿಗೆಮನೆಯಲ್ಲಿ ಮಾತಾಡದೆ ನಡೆಯುವುದಿಲ್ಲ. ಲಿಫ್ಟಿನಲ್ಲಿ ಮಾತು ಬೇಕಿಲ್ಲ. ಒಳಗೆ ಬಂದವರು ಒಂದು ಅಂಕಿ ಹೇಳುತ್ತಾರೆ, ಆಮೇಲೆ ಮೊಬೈಲು ನೋಡುತ್ತಾರೆ. ನಮ್ಮೂರಲ್ಲಿ ಎದುರಿಗೆ ಬಂದವರನ್ನು "ಎಲ್ಲಿಗೆ?" ಎಂದು ಕೇಳದೆ ದಾಟಿಹೋದರೆ ಅವರಿಗೆ ಬೇಜಾರಾಗುತ್ತದೆ. ಇಲ್ಲಿ ನಾನು ದಿನಕ್ಕೆ ನೂರು ಸಲ "ಎಲ್ಲಿಗೆ?" ಎಂದು ಕೇಳುತ್ತೇನೆ, ಉತ್ತರವಾಗಿ ಅಂಕಿಯಷ್ಟೇ ಬರುತ್ತದೆ.

ಜೋಳದ ರೊಟ್ಟಿ ಇಲ್ಲಿಯೂ ಇದೆ, ಭಾಕ್ರಿ ಅನ್ನುತ್ತಾರೆ. ಆದರೆ ಬಡಿಯಲು ರತ್ನಳಿಗೆ ಹೊತ್ತಿಲ್ಲ. ನಾನು ವಡಾಪಾವ್ ತಿನ್ನುವುದನ್ನು ಕಲಿತೆ, ದಿನಕ್ಕೆ ಆರು ಸಲ ಸಕ್ಕರೆ ಚಹಾ ಕುಡಿಯುವುದನ್ನು ಕಲಿತೆ. ಎರಡು ವರ್ಷದಲ್ಲಿ ಹೊಟ್ಟೆ ಬಂತು. ಊರಿಗೆ ಹೋದರೆ ಜನ "ಬಾಂಬೆ ನೀರು ಹಿಡದೈತಿ ನೋಡು" ಎಂದು ಖುಷಿಪಟ್ಟರು. ನಾನೂ ಖುಷಿಪಟ್ಟೆ. ಆಮೇಲೆ ಸೊಂಟ ಹಿಡಿಯಿತು. ಆಮೇಲೆ ಪಾದ ಜುಮುಗುಟ್ಟತೊಡಗಿತು. ಮಧ್ಯಾಹ್ನವಾದರೆ ಎಳೆದು ಹಾಕುವಂಥ ದಣಿವು. ಹೊಳೆದಂಡೆಯವರೆಗೆ ನಡೆದರೂ ಆಗದ ದಣಿವು ಕೂತಲ್ಲೇ ಆಗುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಯಾರಿಗಾದರೂ ಹೇಳಲು ನಾಚಿಕೆ. ಕೂತು ಕೂತು ಸುಸ್ತಾಯಿತು ಎಂದು ಹೇಗೆ ಹೇಳುವುದು?

ಹೋದ ವರ್ಷ ಒಂದು ದಿನ ರಿಪೇರಿಗೆಂದು ಲಿಫ್ಟ್ ನಿಲ್ಲಿಸಿದ್ದರು. ಕಟ್ಟಡದ ಸೆಕ್ರೆಟರಿ ಒಂದು ಔಷಧದ ಪೊಟ್ಟಣ ಕೊಟ್ಟು, ಒಂಬತ್ತನೆಯ ಮಹಡಿಗೆ ಮುಟ್ಟಿಸಿ ಬಾ ಅಂದರು. ಹತ್ತಿದೆ. ಎರಡನೆಯ ಮಹಡಿಗೆ ಉಸಿರು ಗಂಟಲಿಗೆ ಬಂತು. ನಾಲ್ಕನೆಯದರ ಹತ್ತಿರ ಕಣ್ಣು ಮಂಜಾಗಿ, ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಸಿದೆ. ಕೈಯಲ್ಲಿದ್ದ ಪೊಟ್ಟಣ ಉರುಳಿ ಕೆಳಗೆ ಹೋಯಿತು. ಅದನ್ನು ಎತ್ತಿಕೊಂಡು, ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತ ಒಬ್ಬ ಮುದುಕಿ ಬಂದರು. ಎಂಟನೆಯ ಮಹಡಿಯ ಕಾಕೂ. ಇಲ್ಲಿ ವಯಸ್ಸಾದ ಹೆಂಗಸರನ್ನು ಕರೆಯುವುದು ಹಾಗೆ, ನಮ್ಮ ಚಿಗವ್ವನ ಹಾಗೆ. ಶಾಲೆಯಲ್ಲಿ ಟೀಚರಾಗಿದ್ದವರು, ಎಪ್ಪತ್ತು ದಾಟಿದ್ದರು. ಎದೆಯ ಆಪರೇಷನ್ ಆದ ಮೇಲೆ ಡಾಕ್ಟರು ನಡೆಯಲು ಹೇಳಿದ್ದರಿಂದ ಅವರು ಲಿಫ್ಟ್ ಹತ್ತುವುದನ್ನೇ ಬಿಟ್ಟಿದ್ದರು. ಅದು ಗೊತ್ತಿಲ್ಲದೆ, ನನ್ನ ಮೇಲೆ ಏನೋ ಸಿಟ್ಟಿರಬೇಕು ಎಂದುಕೊಂಡಿದ್ದೆ.

"ದಮ್ ಲಾಗ್ಲಾ ಕಾ ರೇ?" ಅಂದರು. ದಮ್ಮು ಹತ್ತಿತೇನೋ ಎಂದು. ನಮ್ಮ ಮಾತಿನಂತೆಯೇ ಇದ್ದ ಆ ಮಾತು ಕೇಳಿ, ಯಾಕೋ ಗೊತ್ತಿಲ್ಲ, ಅಳು ಬಂತು. ಅವರು ತಮ್ಮ ಬಾಟಲಿಯ ನೀರು ಕುಡಿಸಿ ಪಕ್ಕದಲ್ಲೇ ಕೂತರು. ಊರಲ್ಲಿ ಏನು ಮಾಡಿಕೊಂಡಿದ್ದೆ ಎಂದು ಕೇಳಿದರು. ಕುರಿ, ಹೊಳೆ, ಹಡಗಲಿ ಎಲ್ಲ ಹೇಳಿದೆ. ಕಾಕೂ ನನ್ನ ಕಾಲುಗಳನ್ನು ನೋಡಿದರು. "ಅಷ್ಟು ನಡೆದ ಕಾಲನ್ನು ಇಷ್ಟು ವರ್ಷ ಕಟ್ಟಿಹಾಕಿದೆಯಲ್ಲೋ" ಅಂದರು.

ಸರ್ಕಾರಿ ದವಾಖಾನೆಯಲ್ಲಿ ರಕ್ತ ತೆಗೆದರು. ಸಕ್ಕರೆ ಕಾಯಿಲೆ ಒಳಗೊಳಗೇ ಬೆಳೆದಿತ್ತು, ರಕ್ತದೊತ್ತಡವೂ ಜೊತೆಗಿತ್ತು. ಡಾಕ್ಟರು ಗುಳಿಗೆ ಬರೆದು, "ದಿನಕ್ಕೆ ಎಷ್ಟು ನಡೀತೀರಿ?" ಎಂದು ಹಿಂದಿಯಲ್ಲಿ ಕೇಳಿದರು. ಖೋಲಿಯಿಂದ ಲಿಫ್ಟಿಗೆ ಇನ್ನೂರು ಹೆಜ್ಜೆ, ಲಿಫ್ಟಿನಿಂದ ಖೋಲಿಗೆ ಇನ್ನೂರು. ಅಷ್ಟನ್ನೇ ಹೇಳಿದೆ. "ಅನ್ನ, ನೀರು ಹೇಗೋ ಹಾಗೆಯೇ ನಡಿಗೆ. ಗುಳಿಗೆ ಅದರ ಕೆಲಸ ಮಾಡಲ್ಲ" ಅಂದರು ಅವರು.

ನಡೆಯಲು ಜಾಗ ಹುಡುಕುವುದು ಖೋಲಿ ಹುಡುಕುವುದಕ್ಕಿಂತ ಕಷ್ಟವಾಯಿತು. ಫುಟ್‌ಪಾತಿನ ತುಂಬ ಅಂಗಡಿ, ಉಳಿದಲ್ಲಿ ಬೈಕು. ನಮ್ಮ ಕಟ್ಟಡದ ಸುತ್ತ ಹುಲ್ಲು ಬೆಳೆಸಿ ನಡೆಯುವ ದಾರಿ ಮಾಡಿದ್ದಾರೆ, ಅದು ಮಾಲೀಕರಿಗೆ. ಒಂದು ಬೆಳಿಗ್ಗೆ ಎರಡು ಸುತ್ತು ಹಾಕುವಷ್ಟರಲ್ಲಿ ವಾಚ್‌ಮನ್ ಬಂದು, "ಕೊಟ್ರೇಶ್‌ಭಾಯ್, ನನ್ನ ಕೆಲಸಕ್ಕೆ ಕಲ್ಲು ಹಾಕಬೇಡ" ಎಂದು ಕೈಮುಗಿದ. ನಾನು ಹೊರಗೆ ಬಂದೆ. ಆಮೇಲೆ ಕಾಕೂ ದಾರಿ ತೋರಿಸಿದರು. ಮೆಟ್ಟಿಲು. ಇಲ್ಲಿ ಅದಕ್ಕೆ ಜಿನಾ ಅನ್ನುತ್ತಾರೆ. ಲಿಫ್ಟ್ ಇರುವ ಕಟ್ಟಡದಲ್ಲಿ ಜಿನಾ ಯಾರಿಗೂ ಬೇಡವಾದ ಜಾಗ, ಯಾರೂ ತಡೆಯುವುದಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ತಾಸು ನಾವಿಬ್ಬರೂ ಹತ್ತಿ ಇಳಿಯತೊಡಗಿದೆವು. ಮೊದಲ ವಾರ ಎರಡು ಮಹಡಿ, ಆಮೇಲೆ ಮೂರು. ಕಾಕೂ ಮರಾಠಿಯಲ್ಲಿ ಎಣಿಸುತ್ತಿದ್ದರು, ನಾನು ಕನ್ನಡದಲ್ಲಿ. ಲೆಕ್ಕ ತಪ್ಪಿದರೆ ಇಬ್ಬರೂ ಒಂದರಿಂದ ಶುರು ಮಾಡುತ್ತಿದ್ದೆವು. ಅವರಲ್ಲಿ ಒಂದು ಮಾತಿದೆ: ಪಾಯ್ ಮೋಕಳೇ ಕರಣೆ. ಪಾಯ್ ಅಂದರೆ ಕಾಲು, ಮೋಕಳೇ ಅಂದರೆ ಕಟ್ಟು ಬಿಚ್ಚಿದವು. ಸುಮ್ಮನೆ ಅಡ್ಡಾಡಿ ಬರುವುದಕ್ಕೆ ಹಾಗೆನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ಈ ಊರು ನನಗೆ ಕೊಟ್ಟ ಒಳ್ಳೆಯ ಮಾತು ಅದೊಂದೇ.

ರತ್ನಳಿಗೆ ಮಾತ್ರ ಇದು ಸೇರಲಿಲ್ಲ. ಒಂದು ಭಾನುವಾರ ಸಂಜೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ, ಅವಳು ನಾಲ್ಕನೆಯ ಮನೆಯ ಕೆಲಸ ಮುಗಿಸಿ ಬಂದು ಗೋಡೆಗೆ ಒರಗಿ ಕೂತಳು.

"ನನ್ನ ಕಾಲು ದುಡದು ಬಂದಾವ, ನಿಮ್ಮ ಕಾಲು ಮೆರಿಯಾಕ ಹೊಂಟಾವ" ಅಂದಳು.

ನಾನು ಚಪ್ಪಲಿ ಬಿಟ್ಟು ಅವಳ ಎದುರು ಕೂತೆ. ಅವಳ ಮೊಣಕಾಲು ಬಾತಿದ್ದವು. ದಿನವಿಡೀ ನಿಲ್ಲುವವಳಿಗೂ ಕಾಲು ನೋವು, ದಿನವಿಡೀ ಕೂರುವವನಿಗೂ ಕಾಲು ನೋವು. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಯಾರನ್ನು ಕೇಳುವುದು? ಆಮೇಲೆ ಅವಳೇ ಎದ್ದಳು.

"ನಡ್ರಿ, ನಾನೂ ಬರ್ತೀನಿ. ಕೈಯಾಗ ಏನೂ ಹಿಡಕಳದ ನಡದ್ರ ಹೆಂಗಿರ್ತೈತಿ ನೋಡಾಣ."

ಸ್ಟೇಷನ್ನಿನ ಆಚೆ ಒಂದು ಮೈದಾನ ಇದೆ. ಅಲ್ಲಿಯವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅವಳ ಬಲಗೈ ಚೀಲ ಹಿಡಿದಂತೆ ಮುಷ್ಟಿ ಕಟ್ಟಿಕೊಂಡೇ ಇತ್ತು. ಬರುವಾಗ ಬಿಚ್ಚಿಕೊಂಡಿತು. ಈಗ ಭಾನುವಾರ ನಾನು ಮರೆತರೂ ಅವಳು ಮರೆಯುವುದಿಲ್ಲ.

ಈ ಸಲ ಬೇಸಿಗೆಗೆ ಮುಂಚೆ ನಾನೊಬ್ಬನೇ ಹತ್ತು ದಿನ ಊರಿಗೆ ಹೋದೆ. ನಡೆಯಲು ಊರಿಗಿಂತ ಒಳ್ಳೆಯ ಜಾಗ ಎಲ್ಲಿದೆ ಎಂದುಕೊಂಡು ಮರುದಿನ ಬೆಳಿಗ್ಗೆಯೇ ಉಜ್ಜಿನಿ ರಸ್ತೆಯಲ್ಲಿ ಹೊರಟೆ. ಹತ್ತು ನಿಮಿಷದಲ್ಲಿ ಮೂರು ಬೈಕು ನಿಂತವು. "ಬರ್ರಿ, ಹತ್ರಿ, ಬಿಡ್ತೀನಿ" ಅಂದರು. ಸುಮ್ಮನೆ ನಡೆಯುತ್ತಿದ್ದೇನೆ ಅಂದರೆ ಒಬ್ಬನೂ ನಂಬಲಿಲ್ಲ. ರಸ್ತೆಯಲ್ಲಿ ನಡೆಯುತ್ತಿದ್ದವನು ನಾನೊಬ್ಬನೇ. ನಾನು ತಿರುಗಿ ಬರುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಲೇ ಕೊಟ್ರಾ, ನನ ಕೂಡ ಏನರ ಸಿಟ್ಟೈತೇನು? ನಿನ ತಮ್ಮ ಮನಿ ಬಿಟ್ಟು ನಡಕಂತ ಹೊಂಟಾನ ಅಂತ ಊರೆಲ್ಲ ಹೇಳಾಕತ್ತೈತಿ."

ನನ್ನ ಕಾಯಿಲೆ, ಕಾಕೂ, ಮೆಟ್ಟಿಲು ಎಲ್ಲ ಹೇಳಿದೆ. ಅವಳು ಕೇಳಿ, ಎದ್ದು ಒಳಗೆ ಹೋಗಿ, ಜೋಳ ತುಂಬಿಡುವ ಗುಮ್ಮಿಯ ಮೇಲಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಸುರಿದಳು. ನನ್ನವೇ ಗುಳಿಗೆಗಳು. ಅದೇ ಬಣ್ಣ, ಅದೇ ಹೆಸರು.

ಅಕ್ಕ ಕುರಿ ಮಾರಿ ಎರಡು ವರ್ಷವಾಗಿತ್ತು. ಜೊತೆಗೆ ನಡೆಯುವವರಿಲ್ಲ ಎಂದು ಮಾರಿದ್ದು ನನಗೆ ಗೊತ್ತಿತ್ತು. ಇನ್ನಾದರೂ ಅವಳು ಕೂತು ಉಣ್ಣಲಿ ಎಂದು ಫೋನಿನಲ್ಲಿ ನಾನೇ ಹೇಳಿದ್ದೆ. ಅವಳು ಕೂತಿದ್ದಳು. ಕಟ್ಟೆಯ ಮೇಲೆ, ಟಿವಿಯ ಮುಂದೆ, ಬಾಗಿಲಲ್ಲಿ. ನೀರು ಮನೆಗೇ ಬರುತ್ತಿತ್ತು, ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಹೊಳೆದಂಡೆಯಲ್ಲಿ ನನಗಿಂತ ಮುಂದೆ ಸಾಗುತ್ತಿದ್ದ ಹೆಂಗಸು ಈಗ ಎದ್ದು ನಿಲ್ಲಲು ಗೋಡೆ ಹಿಡಿಯುತ್ತಿದ್ದಳು.

"ಯಾಕ ಹೇಳಲಿಲ್ಲ?" ಅಂದೆ.

"ಏನಂತ ಹೇಳ್ಲಿ? ಸುಖ ಬಂದು ಬ್ಯಾನಿ ತಂತು ಅಂತ ಹೇಳ್ಲ್ಯಾ?"

ಮರುದಿನ ಜೊತೆಗೆ ಬಾ ಅಂದೆ. ಒಪ್ಪಲಿಲ್ಲ. "ಕುರಿ ಇಲ್ದ ಏನಂತ ನಡೀಲಿ? ನೋಡಿದೋರು ಹುಚ್ಚು ಹಿಡದೈತಿ ಅಂತಾರ." ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ನಾನು ಕೇಳಲಿಲ್ಲ, ಸುಮ್ಮನೆ ಹೊರಟೆ. ಊರ ಕೊನೆಯ ಮನೆ ದಾಟುವಾಗ ಹಿಂದೆ ಕೆರ ಎಳೆಯುವ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳು ನನ್ನ ಸಮಕ್ಕೆ ಬಂದಳು, ಆಮೇಲೆ ದಾಟಿ ಮುಂದೆ ಹೋದಳು. ಅವಳ ಮೈ ಆ ನಡಿಗೆಯನ್ನು ಮರೆತಿರಲಿಲ್ಲ. ಅಷ್ಟಷ್ಟು ದೂರಕ್ಕೊಮ್ಮೆ ನಿಂತು ಹಿಂದೆ ನೋಡುತ್ತಿದ್ದಳು, ನಾಲಿಗೆಯಿಂದ ಟ್ರುರ್ ಎಂದು ಕುರಿ ಕರೆಯುವ ಸದ್ದು ಮಾಡುತ್ತಿದ್ದಳು. ಹಿಂದೆ ಇದ್ದವನು ನಾನೊಬ್ಬನೇ, ಏದುಸಿರು ಬಿಡುತ್ತ. ಅದು ಅವಳಿಗೂ ಹೊಳೆದು, ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕವಳು ಹಾಗೆಯೇ ಕಣ್ಣು ಒರೆಸಿಕೊಂಡಳು.

"ಎಲ್ಲಿತನ ಹೋಗಾದು?" ಅಂದಳು.

"ಎಲ್ಲಿಗೂ ಇಲ್ಲಕ್ಕ. ಸುಮ್ನ."

"ಎಲ್ಲಿಗೂ ಇಲ್ಲ ಅಂದ್ರ, ತಿರುಗಿ ಬರಾದು ಎಲ್ಲಿಂದ?"

ನಾನು ನಿಂತೆ. ಜಿನಾದಲ್ಲಿ ಮೆಟ್ಟಿಲು ಮುಗಿಯುತ್ತವೆ, ಅಲ್ಲಿಂದ ತಿರುಗುತ್ತೇವೆ. ಈ ರಸ್ತೆ ಉಜ್ಜಿನಿಗೆ ಹೋಗುತ್ತದೆ, ಅಲ್ಲಿಂದಾಚೆಗೂ ಹೋಗುತ್ತದೆ. ಅಕ್ಕನೇ ಕೈ ಚಾಚಿ ದೂರದ ಬೇವಿನ ಮರ ತೋರಿಸಿದಳು. ಅಲ್ಲಿಯವರೆಗೆ ಹೋದೆವು. ನೆರಳಿತ್ತು, ಕೂರಬೇಕು ಅನ್ನಿಸಿತು. ಇಬ್ಬರೂ ಕೂರಲಿಲ್ಲ.

ನಾನು ಮುಂಬೈಗೆ ಮರಳಿ ಬಂದು ತಿಂಗಳಾಯಿತು. ಕಾಕೂಗೆ ಈಗ ಐದು ಮಹಡಿಗೇ ಸುಸ್ತಾಗುತ್ತದೆ, ಮೆಟ್ಟಿಲ ಮೇಲೆ ಕೂತು ನನ್ನನ್ನು ಮೇಲಕ್ಕೆ ಕಳಿಸುತ್ತಾರೆ. ನನ್ನ ಸಕ್ಕರೆ ಇಳಿದಿದೆ, ಹೋಗಿಲ್ಲ. ದಣಿವೂ ಹಾಗೆಯೇ. ಮೊನ್ನೆ ಊಟದ ಬಿಡುವಿನಲ್ಲಿ ಅಕ್ಕನ ಫೋನು ಬಂತು. ದಿನಾ ಹೋಗುತ್ತೀಯಾ ಎಂದು ಕೇಳಿದೆ.

"ಹೋಗ್ತೀನಿ. ಬೈಕಿನೋರು ಈಗ ನಿಲ್ಸಾದಿಲ್ಲ. ನೋಡಪ್ಪ, ಇಲ್ಲಿ ನಿನ್ನ ಪಾಲಿಂದೂ ನಾನ ನಡೀತೀನಿ. ನೀ ಅಲ್ಲಿ ನನ್ನ ಪಾಲಿಂದು ಹತ್ತು."

ಆಗಲಿ ಅಂದೆ. ಫೋನು ಜೇಬಿಗೆ ಹಾಕಿ ಎದ್ದು ಮೆಟ್ಟಿಲು ಹತ್ತಿದೆ. ಕಾಕೂ ಕೆಳಗಿನಿಂದ ಮರಾಠಿಯಲ್ಲಿ ಎಣಿಸತೊಡಗಿದರು.