ಖಂಡೇನವಮಿಗೆ ಪೂಜೆಯಾದ ಸೆನ್ಸರು

ಮುಂಬೈಯ ನಮ್ಮ ಚಾಳಿನ ಶಿವಕುಮಾರಿ ಕೂತಲ್ಲಿ ಕೂರುವವಳಲ್ಲ. ಬೈಕುಲ್ಲಾದ ಸಣ್ಣ ವರ್ಕ್‌ಶಾಪಿನಲ್ಲಿ ವಿಷಗಾಳಿ ಪತ್ತೆಹಚ್ಚುವ ಸೆನ್ಸರು ಕಟ್ಟುವುದು ಅವಳ ಕೆಲಸ. ಕಾಳಿನಷ್ಟು ಜಾಗದಲ್ಲಿ ಲೋಹದ ಎಳೆಗಳು, ಅವುಗಳ ಮೇಲೆ ಒಂದು ತೊಟ್ಟು ಅಯಾನಿಕ್ ದ್ರವ. ಅದೂ ಉಪ್ಪೇ, ಆದರೆ ನೀರಿಲ್ಲದೆ ಎಣ್ಣೆಯ ಹಾಗೆ ಹರಿಯುತ್ತದೆ, ಮುಂಬೈ ಸೆಕೆಗೂ ಆರುವುದಿಲ್ಲ. ವಿಷಗಾಳಿ ತಾಗಿದರೆ ಎಳೆಯಲ್ಲಿ ಕರೆಂಟು ಏರಿ ಮೀಟರು ಕೂಗುತ್ತದೆ. ಅದಕ್ಕೆ ಒಂದೇ ಕೆಟ್ಟ ಗುಣ: ಗಾಳಿಯ ತೇವ ಕುಡಿಯುತ್ತದೆ, ಕುಡಿದರೆ ಲೆಕ್ಕ ತಪ್ಪುತ್ತದೆ. ಮೀಟರಿನೊಳಗೆ ತೇವ ತಡೆಯುವ ಪೊರೆಯಿದೆ. ಅಲ್ಲಿಗೆ ಸೇರುವವರೆಗೆ ಬಿಗಿ ಡಬ್ಬಿಯೇ ಗತಿ.

ಅವಳ ಗಂಡ ನಿಂಗಣ್ಣ ಸಯನ್ ಕಡೆ ಗಟಾರದ ಪಂಪಿನ ಬಾವಿಗೆ ಇಳಿಯುವವನು. ಅವನ ಮೀಟರಿಗೆ ಸೆನ್ಸರು ಹಾಕುವವಳು ಇವಳೇ.

ಈ ಸಲ ಖಂಡೇನವಮಿಯ ಆಯುಧಪೂಜೆಗೆ ಹೊಸ ಸೆನ್ಸರನ್ನು ಡಬ್ಬಿಯಿಂದ ತೆಗೆದು ದೇವರ ಮುಂದಿಟ್ಟಳು. ಡಬ್ಬಿಗೆ ಪೂಜೆ ಮಾಡಿದರೆ ಸೆನ್ಸರಿಗೆ ಮುಟ್ಟುತ್ತದೆಯೇ! ನೀರು ಚಿಮುಕಿಸಲಿಲ್ಲ, ಅಷ್ಟು ಎಚ್ಚರವಿತ್ತು. ಆದರೆ ಪೂಜೆಗಿಟ್ಟ ಹತಾರವನ್ನು ಬನ್ನಿ ಹಬ್ಬದವರೆಗೆ ಮುಟ್ಟುವಂತಿಲ್ಲವಲ್ಲ. ತುಂಬಿದ ಕೊಡದ ಪಕ್ಕ, ಒದ್ದೆ ಹೂವಿನ ಕೆಳಗೆ ಅದು ಹಾಗೇ ಕೂತಿತ್ತು. ಮರುದಿನ ಗಂಡನಿಗೆ ಬನ್ನಿ ಕೊಟ್ಟು, ಅದನ್ನೇ ಮೀಟರಿಗೆ ಹಾಕಿದಳು. ಭಕ್ತಿಯ ಗಡಿಬಿಡಿಯಲ್ಲಿ ತೇವದ ಮಾತು ಮರೆತೇ ಹೋಯಿತು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಹಬ್ಬ ಮುಗಿದು ಕೆಲಸಕ್ಕೆ ಹೋದವಳಿಗೆ ಅಲ್ಲಿ ಡಬ್ಬಿಯ ಮುಚ್ಚಳ ಬಿಗಿ ಮಾಡುವಾಗ ನೆನಪಾಯಿತು. ಫೋನು ಮಾಡಿದಳು, ನಿಂಗಣ್ಣ ಎತ್ತಲಿಲ್ಲ. ಮತ್ತೆ ಮಾಡಿದಳು. ಓಡಿ ಲೋಕಲ್ ಹತ್ತಿದಳು. ಸೀಟು ಸಿಕ್ಕರೂ ಕೂರಲಿಲ್ಲ. ಪರೇಲ್ ದಾಟಿ ರೈಲು ನಿಂತಾಗ ಕಣ್ಣಿಗೆ ಕಾಣದ ಡ್ರೈವರನ ವಂಶವನ್ನೇ ಬೈದಳು.

ಪಂಪಿನ ಬಳಿ ನಿಂಗಣ್ಣ ಇರಲಿಲ್ಲ. ಕಂಬಿಗೆ ಅವನ ಮೀಟರು ನೇತಾಡುತ್ತಿತ್ತು, ಬಂದ್. ಬಾವಿಯೊಳಗೆ ಬಗ್ಗಿ ಅವಳು ಗಂಡನ ಹೆಸರು ಹಿಡಿದು ಕೂಗಿದಳು. ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಏಣಿಯ ಮೇಲೆ ಅವನ ತಲೆ ಕಾಣಿಸಿತು.

"ಏನಾತ? ಹೆಸರ ಹಿಡದ ಕರೀತಿ?"

"ಮೀಟರ್ ಯಾಕ ಬಂದ್ ಮಾಡೀರಿ?"

"ಮುಂಜಾನಿಂದ ಸುಮ್‌ಸುಮ್ನ ಒದರಾಕತ್ತಿತ್ತು. ನೀನೂ ದಿನಾ ಒದರತಿ, ನಾ ಇಳಿಯೂದ ಬಿಟ್ಟೀನೇನು?"

ಶಿವಕುಮಾರಿಗೆ ಅಳು ತಡೆಯಲಿಲ್ಲ. ಅವನ ತೋಳು ಹಿಡಿದು ಮೇಲೆಳೆದಳು. "ತಪ್ಪು ನಂದ್ರೀ. ಆದ್ರ ಸುಳ್ಳ ಒದರಿದ್ರೂ ಮ್ಯಾಲ ಕುಂದರಬೇಕು!"

ಬಾವಿಗೆ ಮುಚ್ಚಳ ಎಳೆಸಿ, ಅದರ ಮೇಲೆ ತಾನೇ ಕೂತಳು. ವರ್ಕ್‌ಶಾಪಿನಿಂದ ಬೇರೆ ಸೆನ್ಸರು ಬರುವವರೆಗೆ, ಯಾರು ಏನೇ ಬೈದರೂ, ಕೂತಲ್ಲಿಂದ ಏಳಲಿಲ್ಲ.